ಹೊತ್ತು ಮುಳುಗುವ ಮುಂಚಿನ ನಾವೆ

ಹೋದ ಬೇಸಿಗೆಯಲ್ಲಿ ತಂಗಿಯ ಮಗಳ ಮದುವೆಗೆಂದು ಚಿಕ್ಕೋಡಿಯಿಂದ ಕಾಗವಾಡದ ಕಡೆ ಹೊರಟಿದ್ದೆ. ಕೃಷ್ಣಾ ನದಿಯ ಸೇತುವೆಯ ಮೇಲೆ ಬಸ್ಸು ನಿಂತಿತು. ಸೇತುವೆಯ ಬದಿಗೆ ಹೊಸ ಕಂಬಿ ಕೂಡಿಸುವ ಕೆಲಸ ನಡೆದಿತ್ತು. ಒಬ್ಬ ಯುವಕ ಮೋಟುಗೋಡೆಯ ಮೇಲೆ ಹತ್ತಿ ನಿಂತು, ಮುಖಕ್ಕೆ ಕರಿಗಾಜಿನ ಹಲಗೆ ಹಿಡಿದುಕೊಂಡು ವೆಲ್ಡಿಂಗ್ ಮಾಡುತ್ತಿದ್ದ. ಮೋಡ ಕವಿದು ಗಾಳಿ ಪೂರಾ ನಿಂತುಹೋಗಿತ್ತು. ಸುಟ್ಟ ಕಬ್ಬಿಣದ ಕಮರು ವಾಸನೆ ಕಿಟಕಿಯಿಂದ ಒಳಗೆ ಬಂದು ಅಲ್ಲೇ ಉಳಿಯಿತು.

ಪಕ್ಕದ ಸೀಟಿನ ಹುಡುಗಿ ಓಢಣಿಯಿಂದ ಮೂಗು ಮುಚ್ಚಿಕೊಂಡಳು. ನನಗೆ ಕಾಲಬೆರಳುಗಳು ತಣ್ಣಗಾದವು. ಹೆರಿಗೆ, ರಕ್ತ, ಸಾವು ಎಲ್ಲವನ್ನೂ ಹತ್ತಿರದಿಂದ ನೋಡಿ ಮುದುಕಿಯಾದ ನರ್ಸಬಾಯಿ ನಾನು. ಆದರೂ ಗುಡುಗಿದರೆ ಮೊಮ್ಮಕ್ಕಳಿಗಿಂತ ಮೊದಲು ನಾನೇ ಮನೆಯೊಳಗೆ ಓಡುತ್ತೇನೆ. ಮನೆಯವರು ನಗುತ್ತಾರೆ. ನಗಲಿ. ಇದೇ ಹೊಳೆಯ ನಡುನೀರಿನಲ್ಲಿ ಆ ವಾಸನೆ ಮೂಗಿಗೆ ಬಡಿದಿದ್ದರೆ ಅವರಿಗೂ ನಗು ಬರುತ್ತಿರಲಿಲ್ಲ.

ಎಂಬತ್ತರ ದಶಕ ಮುಗಿಯುತ್ತ ಬಂದ ಒಂದು ವರ್ಷ. ಆಗ ಈ ಭಾಗದಲ್ಲಿ ಎಲ್ಲ ಕಡೆ ಸೇತುವೆಗಳಿರಲಿಲ್ಲ. ಅಲಖನೂರಿನಲ್ಲಿ ಒಣ ದಾರಿಯ ಮೇಲೆ ಸೈಕಲ್ ತುಳಿಯುತ್ತ ಹಾಯಾಗಿದ್ದ ನನ್ನನ್ನು ಹೊಳೆದಂಡೆಯ ಒಂದು ಊರಿಗೆ ವರ್ಗ ಮಾಡಿದರು. ಊರು ಈಚೆ ದಡದಲ್ಲಿ. ಊರವರ ಹೊಲಗಳು, ತೋಟದ ವಸತಿಗಳು ಅರ್ಧಕ್ಕರ್ಧ ಆಚೆ ದಡದಲ್ಲಿ. ಬೆಳಿಗ್ಗೆ ನಾವೆ ಹತ್ತಿ ಆಚೆ ಹೋಗುವುದು, ಬಾಣಂತಿಯರನ್ನೂ ಕೂಸುಗಳನ್ನೂ ನೋಡುವುದು, ಲಸಿಕೆಯ ಪೆಟ್ಟಿಗೆ ಹೆಗಲಿಗೆ ಹಾಕಿಕೊಂಡು ಸಂಜೆ ನಾವೆಯಲ್ಲೇ ಮರಳುವುದು. ನಾನು ಅಕ್ಕೋಳದವಳು, ಈಜು ಬಾರದವಳು. ಮೊದಲ ವಾರ ಇಡೀ ದಾರಿ ಕಣ್ಣು ಮುಚ್ಚಿಕೊಂಡೇ ಕೂತಿರುತ್ತಿದ್ದೆ.

ನಾವೆ ಅಂಬಿಗರ ಭೀಮಪ್ಪನದು. ನಲವತ್ತರ ಆಸುಪಾಸಿನ ಎತ್ತರದ ಆಳು, ಕಡಿಮೆ ಮಾತಿನವನು. ಬೇಸಿಗೆಯಲ್ಲಿ ಹೊಳೆ ಇಳಿದಾಗ ಉದ್ದನೆಯ ಬಿದಿರ ಗಳವನ್ನು ತಳಕ್ಕೆ ಊರಿ ನಾವೆಯನ್ನು ನೂಕುತ್ತಿದ್ದ. ನೀರು ಹೆಚ್ಚಿದಾಗ ಹುಟ್ಟು ಹಾಕುತ್ತಿದ್ದ. ಯಾವುದಾದರೂ ಸರಿ, ನಿಂತೇ ಮಾಡುತ್ತಿದ್ದ. ಅವರ ಮನೆತನದಲ್ಲಿ ಜನರನ್ನು ಹೊತ್ತ ನಾವೆಯಲ್ಲಿ ಅಂಬಿಗ ಕೂರಬಾರದು. ಕೂತರೆ ಹೊಳೆಗೆ ಅವಮಾನ, ಮನೆಗೆ ಕೇಡು ಎಂದು ಅವನ ಅಪ್ಪ ಹೇಳಿದ್ದನಂತೆ, ಅಪ್ಪನಿಗೆ ಅವನ ಅಪ್ಪ. ನಾವೆಯ ಮೂತಿಗೆ ಒಂದು ಕುದುರೆ ಲಾಳ ಬಡಿದಿದ್ದರು. ಅದು ಇರುವತನಕ ಸಿಡಿಲು ನಾವೆಯ ತಂಟೆಗೆ ಬರುವುದಿಲ್ಲ ಎಂಬುದು ಊರಿನ ನಂಬಿಕೆ. ನಾನೂ ಹತ್ತುವಾಗ ಇಳಿಯುವಾಗ ಅದನ್ನು ಮುಟ್ಟಿ ಕಣ್ಣಿಗೊತ್ತಿಕೊಳ್ಳುತ್ತಿದ್ದೆ. ಈಜು ಬಾರದವರಿಗೆ ಎಲ್ಲ ದೇವರೂ ಬೇಕು.

ನಾನಿದ್ದದ್ದು ಆಯಿಯ ಮನೆಯ ಮುಂದಿನ ಖೋಲಿಯಲ್ಲಿ. ಅಕ್ಕಾತಾಯಿ ಎಂದು ಅವಳ ಹೆಸರು. ಅಜ್ಜಿಗೆ ಕರೆಯುವಂತೆ ಊರೆಲ್ಲ ಆಯಿ ಎನ್ನುತ್ತಿತ್ತು. ಹಳೆಯ ಜೈನ ಮನೆತನ. ಕಬ್ಬು ಬೆಳೆಯುವ ಮಗ ನೇಮಣ್ಣ, ಸೊಸೆ, ತುಂಬಿದ ಮನೆ. ಆ ಮನೆಯಲ್ಲಿ ಹೊತ್ತು ಮುಳುಗಿದ ಮೇಲೆ ಯಾರೂ ಉಣ್ಣುತ್ತಿರಲಿಲ್ಲ. ಆಯಿಯದಂತೂ ಕಠಿಣ ವ್ರತ. ಅಷ್ಟಮಿ, ಚತುರ್ದಶಿಗೆ ನಿರಾಹಾರ. ಮರುದಿನ ಒಂದೇ ಹೊತ್ತಿನ ಊಟ, ಅದೂ ತನ್ನ ಮನೆಯ ಬಾವಿಯ ನೀರನ್ನು ಸೋಸಿ ಮಡಿಯಲ್ಲಿ ಮಾಡಿದ ಅಡಿಗೆ. ನೀರು ಕುಡಿಯುವುದೂ ಆ ಒಂದೇ ಹೊತ್ತಿಗೆ. ಬೇರೆ ಮನೆಯಲ್ಲಿ, ಸ್ವಂತ ಮೊಮ್ಮಗಳ ಮನೆಯೇ ಆಗಿರಲಿ, ತೊಟ್ಟು ನೀರನ್ನೂ ಮುಟ್ಟುತ್ತಿರಲಿಲ್ಲ. ಊರಲ್ಲಿ ಜೈನರೇ ಹೆಚ್ಚು. ಹಾಗಾಗಿ ಸಂಜೆಯ ನಾವೆ ಎಂದರೆ ತೇರಿನಂತೆ ತುಂಬುತ್ತಿತ್ತು. ಆಚೆ ದಡದಲ್ಲಿ ದುಡಿದವರಿಗೆಲ್ಲ ಹೊತ್ತಿರುವಾಗಲೇ ಮನೆ ಸೇರಿ ತಾಟಿನ ಮುಂದೆ ಕೂರಬೇಕು.

ಬೇಸಿಗೆಯ ಅಡ್ಡಮಳೆ ಬರುವುದೂ ಅದೇ ವೇಳೆಗೆ. ಮಧ್ಯಾಹ್ನವೆಲ್ಲ ಬೆಂಕಿಯಂತೆ ಕಾದು, ಸಂಜೆಯ ಹೊತ್ತಿಗೆ ಮಿರಜದ ಕಡೆಯಿಂದ ಕರಿ ಮೋಡ ಎದ್ದು, ಗುಡುಗು, ಸುಂಟರಗಾಳಿ, ನಾಲ್ಕು ದಪ್ಪ ಹನಿ. ಒಮ್ಮೊಮ್ಮೆ ಮಳೆಯೇ ಇಲ್ಲದೆ ಬರೀ ಸಿಡಿಲು. ಹಸಿವು ಮತ್ತು ಸಿಡಿಲು ಒಂದೇ ಗಳಿಗೆಗೆ ಹೊಳೆಗೆ ಬರುತ್ತಿದ್ದವು. ಎಷ್ಟೋ ವರ್ಷಗಳಿಂದ ಏನೂ ಆಗಿರಲಿಲ್ಲವಾದ್ದರಿಂದ ಮುಂದೂ ಆಗುವುದಿಲ್ಲ ಎಂದು ಎಲ್ಲರೂ ನಂಬಿದ್ದರು.

ಆ ಮೇ ತಿಂಗಳಲ್ಲಿ ಆಯಿಯ ಮೊಮ್ಮಗಳು, ಆಚೆ ದಡದ ವಸತಿಗೆ ಕೊಟ್ಟ ಹುಡುಗಿ, ಚೊಚ್ಚಲ ಬಸುರಿ. ಅಷ್ಟಮಿಯ ಮರುದಿನ ನಸುಕಿನಲ್ಲೇ ನೋವು ಶುರುವಾಗಿದೆ ಎಂದು ಹೇಳಿಕಳಿಸಿದರು. ಒಲೆ ಹೊತ್ತಿಸುವ ಮೊದಲೇ ಆಯಿ ಹೊರಟಳು. ನಾನು ಚೀಲ ತೆಗೆದುಕೊಂಡು ಹಿಂದೆ, ನೇಮಣ್ಣ ನಮ್ಮಿಬ್ಬರ ಹಿಂದೆ. ಹೆರಿಗೆ ಸುಲಭವಾಗಿರಲಿಲ್ಲ. ಮಧ್ಯಾಹ್ನ ದಾಟಿದ ಮೇಲೆ ಗಂಡುಕೂಸು ಅತ್ತಿತು. ಆಯಿ ಇಡೀ ದಿನ ಬಿಸಿನೀರು ಕಾಯಿಸಿದಳು, ಹುಡುಗಿಯ ಬೆನ್ನು ತಿಕ್ಕಿದಳು. ಹಿಂದಿನ ದಿನದಿಂದ ಅವಳ ಬಾಯಿಗೆ ಹನಿ ನೀರು ಬಿದ್ದಿರಲಿಲ್ಲ. ಹೊಳೆದಂಡೆಗೆ ಬರುವಷ್ಟರಲ್ಲಿ ತುಟಿ ಸೀಳಿತ್ತು, ನಾಡಿ ಓಡುತ್ತಿತ್ತು. ಹಿಂದಿನ ತಿಂಗಳು ಹೀಗೇ ಆಗಿ ಅವಳು ಹಿತ್ತಲಲ್ಲಿ ಬಿದ್ದಿದ್ದಳು. ಇನ್ನೊಂದು ರಾತ್ರಿ ನೀರಿಲ್ಲದೆ ಕಳೆದರೆ ಏನಾಗಬಹುದು ಎಂಬುದು ನನಗೆ ಗೊತ್ತಿತ್ತು.

ಮೋಡ ಎದ್ದಿತ್ತು. ದಂಡೆಯ ಬೇವಿನ ಮರದ ಕೆಳಗೆ ಕಳೆ ತೆಗೆಯಲು ಬಂದಿದ್ದ ಹೆಂಗಸರು ಗಂಟು ಕಟ್ಟಿಕೊಂಡು ನಿಂತಿದ್ದರು. ದೂರದಲ್ಲಿ ಯಾರೋ ಹಲಗೆಯ ಮೇಲೆ ಗುಂಡುಕಲ್ಲು ಉರುಳಿಸಿದಂತೆ ಗುಡುಗಿತು. ಇನ್ನಷ್ಟು ಹೊತ್ತು ನೋಡೋಣ ಎಂದ ಭೀಮಪ್ಪ. ನೇಮಣ್ಣ ತಾಯಿಯ ಮುಖ ನೋಡಿದ, ಮುಳುಗುತ್ತಿದ್ದ ಸೂರ್ಯನನ್ನು ನೋಡಿದ.

“ಭೀಮಪ್ಪಾ, ನಿನ್ನಿಯಿಂದ ಆಕಿ ಬಾಯಾಗ ನೀರ ಬಿದ್ದಿಲ್ಲಪಾ. ಹೊತ್ತ ಮುಳಗಿದರ ನಾಳಿ ಮುಂಜಾನಿ ತನಾ ಹಿಂಗ ಇರತಾಳ. ಒಂದ ಓಟದಾಗ ದಾಟಸಿಬಿಡು.”

ಭೀಮಪ್ಪ ಆಯಿಯನ್ನು ನೋಡಿದ. ಅವನ ಇಬ್ಬರು ಮಕ್ಕಳಿಗೂ ಆಯಿ ತನ್ನ ಮನೆಯ ಹಾಲು ಕಳಿಸಿ ಬೆಳೆಸಿದ್ದಳು. ಹಗ್ಗ ಬಿಚ್ಚಿದ. ಎಲ್ಲರೂ ಹತ್ತಿದರು, ನಾನೂ ಹತ್ತಿದೆ. ಎಂದಿನಂತೆ ಲಾಳ ಮುಟ್ಟಿದೆ.

ನಡುಹೊಳೆಗೆ ಬರುವಷ್ಟರಲ್ಲಿ ಮೋಡ ನಮ್ಮ ತಲೆಯ ಮೇಲಿತ್ತು. ಗಾಳಿ ನೀರನ್ನು ಎತ್ತಿ ಮುಖಕ್ಕೆ ಎರಚಿತು. ಆಚೆ ದಡದ ಕಬ್ಬಿನ ಮೇಲೆ ಒಂದು ಸಿಡಿಲು ಇಳಿದದ್ದನ್ನು ಕಣ್ಣಾರೆ ಕಂಡೆ. ಹೆಂಗಸರೆಲ್ಲ ನಾವೆಯ ತಳಕ್ಕೆ ಕುಸಿದು ಒಬ್ಬರ ಮಡಿಲಲ್ಲಿ ಒಬ್ಬರು ತಲೆ ಹುದುಗಿಸಿದರು. ಇಷ್ಟಗಲ ಹೊಳೆಯಲ್ಲಿ, ಮಟ್ಟಸ ನೀರಿನ ಮೇಲೆ, ನಿಂತಿದ್ದವನು ಭೀಮಪ್ಪ ಒಬ್ಬನೇ. ಅವನ ಕೈಯಲ್ಲಿ ಅವನಿಗಿಂತ ಎತ್ತರದ ಒದ್ದೆ ಗಳ.

“ಕುಂದರೋ ಭೀಮಾ,” ಎಂದಳು ಆಯಿ. ಒಣಗಿದ ಗಂಟಲಿನಿಂದ ದನಿ ಸರಿಯಾಗಿ ಹೊರಡಲಿಲ್ಲ. ಮತ್ತೊಮ್ಮೆ ಹೇಳಿದಳು. “ಗಳಾ ಕೆಳಗಿಟ್ಟ ಕುಂದರು. ನನ್ನ ಮಾತ ಕೇಳು.”

“ನಾವ್ಯಾಗ ಅಂಬಿಗ್ಯಾ ಕುಂದರಬಾರದ್ರಿ ಆಯಿ. ಇನ್ನ ಇಷ್ಟ ಉಳದೈತಿ.”

ಅಂದು ಅವನು ಹೇಳಿದ ಕೊನೆಯ ಮಾತು ಅದು. ಅನಂತರ ನನಗೆ ಶಬ್ದದ ನೆನಪಿಲ್ಲ. ಬೆಳಕಿನ ನೆನಪಿದೆ, ಕಣ್ಣು ಮುಚ್ಚಿದ್ದರೂ ಒಳಗೆ ನುಗ್ಗಿದ ಬೆಳಕು. ಎರಡೂ ಕಾಲು ಜೋಮು ಹಿಡಿದಂತಾದವು. ಆಮೇಲೆ ಆ ಸುಟ್ಟ ಕಬ್ಬಿಣದ ವಾಸನೆ. ಕಣ್ಣು ಬಿಟ್ಟಾಗ ಭೀಮಪ್ಪ ನಾವೆಯ ಹಿಂಬದಿಯಲ್ಲಿ ಮಲಗಿಸಿಟ್ಟಂತೆ ಬಿದ್ದಿದ್ದ. ಅಂಗಿಯ ಒಂದು ತೋಳು ಸೀಳಿಹೋಗಿತ್ತು. ಗಳ ನೀರಿನ ಮೇಲೆ ದೂರ ತೇಲುತ್ತಿತ್ತು. ಮೂತಿಯ ಲಾಳ ಇದ್ದಲ್ಲೇ ಇತ್ತು.

ನಾವೆ ತನ್ನಷ್ಟಕ್ಕೆ ತಿರುಗತೊಡಗಿತು. ನಾನು ಅವನ ಕಡೆ ತೆವಳಿದಾಗ ಯಾರೋ ನನ್ನ ಸೀರೆ ಹಿಡಿದು ಜಗ್ಗಿದರು. ಮುಟ್ಟಬೇಡಿ, ಅವನ ಮೈಯಲ್ಲಿ ಸಿಡಿಲಿನ ಕರೆಂಟು ಇದೆ, ಮುಟ್ಟಿದವರೂ ಹೋಗುತ್ತಾರೆ ಎಂದು ಎಲ್ಲರೂ ಒಟ್ಟಿಗೆ ಹೇಳುತ್ತಿದ್ದರು. ನನಗೂ ಹೆದರಿಕೆಯಿತ್ತು. ಆದರೆ ತರಬೇತಿಯಲ್ಲಿ ನಮಗೆ ಕಲಿಸಿದ ವೈದ್ಯರು ಒಂದು ವಿಷಯವನ್ನು ಮೇಜು ಕುಟ್ಟಿ ಕುಟ್ಟಿ ಹೇಳಿದ್ದರು. ತಂತಿಗೆ ಅಂಟಿಕೊಂಡವನನ್ನು ಮುಟ್ಟಬೇಡಿ, ಸಿಡಿಲು ಬಡಿದವನನ್ನು ತಕ್ಷಣ ಮುಟ್ಟಿ. ಸಿಡಿಲು ಮೈಯಲ್ಲಿ ನಿಲ್ಲುವುದಿಲ್ಲ. ಉಸಿರು ನಿಂತಿರುತ್ತದೆ ಅಷ್ಟೇ, ಅದನ್ನು ನೀವು ಕೊಟ್ಟರೆ ಅವನು ಬದುಕಬಹುದು.

ಮುಟ್ಟಿದೆ. ಏನೂ ಆಗಲಿಲ್ಲ. ಅವನ ಮೂಗಿನ ಹತ್ತಿರ ನನ್ನ ಕೆನ್ನೆ ಹಿಡಿದೆ, ಉಸಿರಿರಲಿಲ್ಲ. ಕುತ್ತಿಗೆಯಲ್ಲಿ ನಾಡಿ ಸಿಗಲಿಲ್ಲ. ತಲೆ ಹಿಂದಕ್ಕೆ ಬಾಗಿಸಬೇಕಿತ್ತು, ನಾವೆ ಅಲ್ಲಾಡಿ ತಲೆ ಉರುಳುತ್ತಿತ್ತು. ಆಗ ಎದುರಿನಿಂದ ಎರಡು ಸುಕ್ಕುಗಟ್ಟಿದ ಕೈಗಳು ಬಂದವು. ಹೊರಗಿನವರು ಮುಟ್ಟಿದ್ದನ್ನು ಬಾಯಿಗೆ ಇಡದ ಆಯಿ ಅಂಬಿಗನ ತಲೆಯನ್ನು ತನ್ನ ಮಡಿಯ ಸೀರೆಯ ಮೇಲೆ ಇಟ್ಟುಕೊಂಡು ಗದ್ದ ಎತ್ತಿ ಹಿಡಿದಳು. ನನ್ನನ್ನು ನೋಡಿ ಹೂಂ ಎಂದಳು. ನಾನು ಅವನ ಬಾಯಿಗೆ ಬಾಯಿ ಇಟ್ಟು ಊದಿದೆ. ಎದೆ ಒತ್ತಿದೆ, ಮತ್ತೆ ಊದಿದೆ. ಊರ ಹೆಂಗಸರ ಮುಂದೆ ಪರಗಂಡಸಿನ ಬಾಯಿಗೆ ಬಾಯಿ ಇಟ್ಟ ನರ್ಸಬಾಯಿಯ ಬಗ್ಗೆ ಮುಂದೆ ಬೇಕಾದಷ್ಟು ಮಾತು ಹುಟ್ಟಿದವು. ಆಗ ನನಗೆ ಕಂಡದ್ದು ಏರದೆ ಇಳಿಯದೆ ಬಿದ್ದಿದ್ದ ಆ ಎದೆಯೊಂದೇ.

ನೇಮಣ್ಣ ಹಲಗೆಯೊಂದನ್ನು ಕಿತ್ತು, ತಳದಲ್ಲಿ ಮಂಡಿಯೂರಿ ಕೂತು ಅದನ್ನೇ ಹುಟ್ಟು ಮಾಡಿಕೊಂಡು ನಾವೆಯನ್ನು ದಡದ ಕಡೆ ತಳ್ಳುತ್ತಿದ್ದ. ಇನ್ನೊಂದು ಸಿಡಿಲು, ಮತ್ತೊಂದು. ಯಾರೂ ತಲೆ ಎತ್ತಬೇಡಿ, ನೀರಿಗೆ ಕೈ ಹಾಕಬೇಡಿ ಎಂದು ನಾನು ಊದುವ ನಡುವೆ ಕೂಗುತ್ತಿದ್ದೆ. ಎಷ್ಟು ಹೊತ್ತು ಹಾಗೆ ನಡೆಯಿತೋ ಹೇಳಲಾರೆ. ಸತ್ತಿದ್ದಾನೆ, ಬಿಟ್ಟುಬಿಡು ಎಂದು ನನ್ನ ತೋಳುಗಳೇ ನನಗೆ ಹೇಳತೊಡಗಿದಾಗ ಭೀಮಪ್ಪನ ಗಂಟಲಲ್ಲಿ ನೀರು ಗೊರಗುಟ್ಟಿದಂತಾಯಿತು. ಅವನು ಒಂದು ಉಸಿರು ಎಳೆದ. ಬಹಳ ಹೊತ್ತು ಬಿಟ್ಟು ಇನ್ನೊಂದು ಎಳೆದ. ಆಯಿಯ ಕಣ್ಣಿನಿಂದ ನೀರು ಅವನ ಹಣೆಯ ಮೇಲೆ ಬಿತ್ತು. ಅಷ್ಟು ಒಣಗಿದ ಮೈಯಲ್ಲಿ ಅಷ್ಟು ನೀರು ಎಲ್ಲಿತ್ತೋ.

ನಾವೆ ಊರಿನಿಂದ ಕೆಳಗೆ ಉಸುಕಿನ ದಿಬ್ಬಕ್ಕೆ ಬಡಿದು ನಿಂತಿತು. ದಂಡೆಯಿಂದ ಕಂಡವರು ಸುದ್ದಿ ಮುಟ್ಟಿಸಿ ಜನ ಆಗಲೇ ಓಡಿ ಬಂದಿದ್ದರು. ನಾಲ್ವರು ಭೀಮಪ್ಪನನ್ನು ಎತ್ತಿಕೊಂಡು ನೇರ ತಿಪ್ಪೆಯ ಕಡೆ ನಡೆದಾಗ ನನಗೆ ತಲೆಬುಡ ತಿಳಿಯಲಿಲ್ಲ. ಸಗಣಿಗುಂಡಿಯಲ್ಲಿ ಕುತ್ತಿಗೆಯ ತನಕ ಹುಗಿದಿಟ್ಟರೆ ಸಿಡಿಲಿನ ಕಾವು ಇಳಿಯುತ್ತದೆ, ಹಿರಿಯರು ಮಾಡಿಕೊಂಡು ಬಂದ ಮದ್ದು ಇದೇ ಎಂದರು. ಎದೆಯ ಮೇಲೆ ಭಾರ ಬಿದ್ದರೆ ಬಂದ ಉಸಿರೂ ಹೋಗುತ್ತದೆ ಎಂದು ನಾನು ಅಡ್ಡ ನಿಂತೆ. ನಿನ್ನೆ ಮೊನ್ನೆ ಬಂದವಳ ಮಾತನ್ನು ಯಾರು ಕೇಳಬೇಕು? ಒಬ್ಬ ಗುದ್ದಲಿ ತಂದು ಅಗೆಯತೊಡಗಿದ. ಭೀಮಪ್ಪನ ಹೆಂಡತಿ ಗಂಗವ್ವ ಒಮ್ಮೆ ನನ್ನ ಕಾಲು ಹಿಡಿದಳು, ಒಮ್ಮೆ ಅವರ ಕಾಲು ಹಿಡಿದಳು.

ಆಯಿ ನೇಮಣ್ಣನ ಹೆಗಲು ಹಿಡಿದು ಅಲ್ಲಿಗೆ ಬಂದು ಗುಂಡಿಯ ಅಂಚಿಗೆ ಕೂತುಬಿಟ್ಟಳು.

“ಗಂಗವ್ವಾ, ಉಸರಾಡೂ ಮನಶ್ಯಾನ್ನ ಯಾರರ ಹುಗೀತಾರೇನ ಬೇ? ನೀ ಹೇಳಿದರ ಹುಗೀತಾರ, ನೀ ಬ್ಯಾಡಂದರ ಬಿಡತಾರ. ಅಂವನ ಎದಿ ನೋಡು, ನೋಡಿ ಹೇಳು.”

ಗಂಗವ್ವ ಗಂಡನ ಎದೆಯ ಮೇಲೆ ಕೈಯಿಟ್ಟಳು. ಅದು ಏರಿತು, ಇಳಿಯಿತು. ಅವಳು ಹುಗಿಯುವುದು ಬೇಡವೆಂದು ತಲೆ ಅಲ್ಲಾಡಿಸಿದಳು. ಗುದ್ದಲಿ ನಿಂತಿತು. ನೇಮಣ್ಣನ ಟ್ರ್ಯಾಕ್ಟರಿಗೆ ಹುಲ್ಲು ಹಾಸಿ ಭೀಮಪ್ಪನನ್ನು ಮಿರಜದ ಆಸ್ಪತ್ರೆಗೆ ಒಯ್ದೆವು. ಹೊರಡುವಾಗ ನೋಡಿದೆ, ಸೂರ್ಯ ಮುಳುಗಿ ಬಹಳ ಹೊತ್ತಾಗಿತ್ತು. ಆ ರಾತ್ರಿ ಆಯಿಗೆ ಮನೆಯಲ್ಲಿ ಜ್ವರ ಬಂತಂತೆ, ಬಡಬಡಿಸಿದಳಂತೆ. ಸೊಸೆ ಒದ್ದೆ ಬಟ್ಟೆ ಹಣೆಗೆ ಹಾಕಬಹುದಾಗಿತ್ತೇ ಹೊರತು ತುಟಿಗೆ ಮುಟ್ಟಿಸುವಂತಿರಲಿಲ್ಲ. ಬೆಳಗಿನತನಕ ಬದುಕಿದಳು ಎಂಬುದು ಅವಳ ಗಟ್ಟಿತನ. ಇಂಥ ವ್ರತದ ಮೇಲೆ ನನಗೆ ಆಗ ಸಿಟ್ಟಿತ್ತು, ಈಗಲೂ ಅಷ್ಟಿಷ್ಟು ಇದೆ. ಅವಳ ಮೇಲೆ ಮಾತ್ರ ಸಿಟ್ಟು ಬರಲಿಲ್ಲ.

ಭೀಮಪ್ಪ ಬದುಕಿದ. ಹೆಗಲಿನಿಂದ ಬೆನ್ನಿನ ತನಕ ಮರದ ಬೇರಿನಂಥ ಕೆಂಪು ಗೆರೆಗಳು ಮೂಡಿ ಕೆಲದಿನಗಳಲ್ಲಿ ಮಾಸಿದವು. ಕೈಕಾಲಿಗೆ ಬಲ ಮರಳಿತು. ಕಿವಿ ಮರಳಲಿಲ್ಲ. ಎರಡೂ ಕಿವಿಯ ಪರದೆ ಹರಿದು ಒಳಗಿನ ನರವೂ ಕೆಟ್ಟಿತ್ತು. ಮುಂಗಾರಿನ ಮಿರಗದ ಮಳೆ ಬಂತು, ಹೊಳೆ ತುಂಬಿ ಕೆಂಪಾಯಿತು, ಮಹಾಪೂರದಲ್ಲಿ ನಾವೆಯೇ ನಿಂತಿತು. ಅಷ್ಟು ದಿನವೂ ಅವನು ತನ್ನ ಕಟ್ಟೆಯ ಮೇಲೆ ಕೂತು ಹೊಳೆಯನ್ನು ನೋಡುತ್ತಿದ್ದ. ಅವನಿಗೆ ಈಗ ಅದೊಂದು ಸದ್ದಿಲ್ಲದ ಹೊಳೆ. ನಾನು ಗಾಯಕ್ಕೆ ಮುಲಾಮು ಹಚ್ಚಲು ಹೋದಾಗ ಗಂಗವ್ವ ಅಳುತ್ತಿದ್ದಳು. ಕಿವುಡನ ಕೈಗೆ ನಾವೆ ಕೊಡುವುದು ಹೇಗೆ ಎಂದು ಊರಲ್ಲಿ ಮಾತು ನಡೆದಿತ್ತು. ಬೇರೆ ಊರಿನ ಅಂಬಿಗನನ್ನು ಕರೆಸಬೇಕೆಂದು ಕೆಲವರ ವಿಚಾರ. ಅವನಿಗೋ ನಾವೆ ಬಿಟ್ಟರೆ ಬೇರೆ ಕೆಲಸ ಬಾರದು, ಹೊಲವಿಲ್ಲ.

ನವರಾತ್ರಿಯ ಹೊತ್ತಿಗೆ ನೀರು ತಿಳಿಯಾಯಿತು. ಒಂದು ಬೆಳಿಗ್ಗೆ ನಾವು ದಂಡೆಗೆ ಹೋದರೆ ಭೀಮಪ್ಪ ನಾವೆಯ ಹಿಂಬದಿಯಲ್ಲಿ ಹುಟ್ಟು ಹಿಡಿದು ಕೂತಿದ್ದ. ಕೂತಿದ್ದ! ಹಿರಿಯರೊಬ್ಬರು ಮುಖ ತಿರುವಿದರು. ಅವನು ಎಲ್ಲರನ್ನೂ ತನ್ನ ಎದುರಿಗೆ, ತಳದಲ್ಲಿ ಕೂರಿಸಿದ. ಕುಡಗೋಲು, ಗುದ್ದಲಿಗಳನ್ನು ಅಡ್ಡ ಮಲಗಿಸಲು ಹೇಳಿದ. ಆಮೇಲೆ ಕಿವಿ ಕೇಳದವರು ಮಾತಾಡುವಂತೆ ಗಟ್ಟಿಯಾಗಿ, ಒಬ್ಬೊಬ್ಬರ ಮುಖವನ್ನೂ ನೋಡುತ್ತ ಕೇಳಿದ.

“ಗುಡುಗ ಕೇಳಸತೇನ್ರಿ?”

ಅಂದಿನಿಂದ ಅದು ಪದ್ಧತಿಯಾಯಿತು. ಹಗ್ಗ ಬಿಚ್ಚುವ ಮುನ್ನ ಆ ಪ್ರಶ್ನೆ. ಯಾರಾದರೂ ಒಬ್ಬರು ಹೌದೆಂದರೆ ಹುಟ್ಟು ಕೆಳಗೆ. ಗುಡುಗು ಪೂರಾ ನಿಂತು, ಆಮೇಲೂ ಒಂದು ಗಳಿಗೆ ಸುಮ್ಮನಿದ್ದರೇ ನಾವೆ ಹೊರಡುವುದು. ಕಾಯುವವರು ಬೇವಿನ ಮರದ ಕೆಳಗೆ ನಿಲ್ಲಬಾರದು, ದಂಡೆಯ ಮೇಲಿನ ಇಟ್ಟಿಗೆಯ ಮೋಟಾರ ಖೋಲಿಯಲ್ಲಿ ಕೂರಬೇಕು ಎಂದು ನಾನು ಸೇರಿಸಿದೆ. ಹೊಲಕ್ಕೆ ನೀರೆತ್ತುವ ಆ ಖೋಲಿಯಲ್ಲೂ ಸ್ಟಾರ್ಟರ್ ಡಬ್ಬಿಯಿಂದ ದೂರ. ನರ್ಸಬಾಯಿಯ ಕಾನೂನು ಎಂದು ನಗುತ್ತಿದ್ದರು. ನಗುತ್ತಲೇ ಪಾಲಿಸುತ್ತಿದ್ದರು.

ಕೆಲ ದಿನ ಎಲ್ಲ ಸರಿಯಾಗಿ ನಡೆಯಿತು. ಆಮೇಲೆ ಹಸಿವು ಕೆಲಸ ಮಾಡತೊಡಗಿತು. ಒಂದು ಸಂಜೆ ಮೂಡಲಲ್ಲಿ ಸ್ಪಷ್ಟವಾಗಿ ಗುಡುಗಿತು. ಭೀಮಪ್ಪ ಕೇಳಿದಾಗ ನಾವೆಯಲ್ಲಿದ್ದವರೆಲ್ಲ ತಲೆ ಅಡ್ಡ ಆಡಿಸಿದರು. ಮರ್ಯಾದಸ್ಥರು, ಇರುವೆ ತುಳಿಯದ ಜನ. ನಾನು ಎದ್ದು ಕಿವಿ ಮುಟ್ಟಿ ಆಕಾಶ ತೋರಿಸಿದೆ. ದೊಡ್ಡ ಜಗಳವೇ ಆಯಿತು. ಭೀಮಪ್ಪ ಒಬ್ಬೊಬ್ಬರ ಬಾಯಿಯನ್ನೂ ನೋಡುತ್ತಿದ್ದ. ಕೊನೆಗೆ ಹುಟ್ಟು ಕೆಳಗಿಟ್ಟ. ಅವನ ಕಿವಿ ಈಗ ನಮ್ಮ ಬಾಯಲ್ಲಿತ್ತು. ನಾವು ಅದರಲ್ಲಿ ಸುಳ್ಳು ತುಂಬಿದರೆ ಅವನಿಗೂ ಗತಿಯಿಲ್ಲ, ನಾವೆಗೂ ಇಲ್ಲ. ಆದರೆ ಈಚೆ ದಡದಲ್ಲೂ ಕೆಲಸವಿದ್ದ ನಾನು ಪ್ರತಿ ಸಂಜೆ ನಾವೆಯಲ್ಲಿರುವವಳಲ್ಲ. ಹೀಗೇ ಆದರೆ ಇನ್ನೊಂದು ಸಿಡಿಲಿಗೆ ಹೆಚ್ಚು ದಿನವಿಲ್ಲ ಎಂದು ರಾತ್ರಿ ನಿದ್ದೆ ಬರುತ್ತಿರಲಿಲ್ಲ.

ಹಿಂಗಾರಿನ ಚಿತ್ತಿ ಮಳೆಯ ದಿನಗಳು. ಆಚೆ ದಡದ ಮರಿಮೊಮ್ಮಗನಿಗೆ ವಾಂತಿಭೇದಿ. ಚತುರ್ದಶಿಯ ಮರುದಿನ ಬೆಳಗಾಗುವ ಮುಂಚೆಯೇ ಆಯಿಯೂ ನಾನೂ ನೇಮಣ್ಣನೂ ಮತ್ತೆ ಹೋಗಬೇಕಾಯಿತು. ಕೂಸಿಗೆ ಉಪ್ಪು ಸಕ್ಕರೆಯ ನೀರನ್ನು ಚಮಚ ಚಮಚ ಕುಡಿಸುತ್ತ ದಿನ ಹೋಯಿತು. ತಾನು ಬಾಯಾರಿ ಕೂತು, ಮಗುವಿಗೆ ಗುಟುಕು ಗುಟುಕಾಗಿ ನೀರು ಹಾಕುತ್ತಿದ್ದ ಆಯಿಯನ್ನು ನೋಡಲಾಗುತ್ತಿರಲಿಲ್ಲ. ಸಂಜೆ ಕೂಸು ಕಣ್ಣು ತೆರೆದು ಮೊಲೆ ಹಿಡಿಯಿತು. ನಾವು ದಂಡೆಗೆ ಓಡಿದೆವು. ಹೊತ್ತು ಇನ್ನೂ ಇತ್ತು, ಮನೆಯಲ್ಲಿ ಸೊಸೆ ಅಡಿಗೆ ಮಾಡಿಟ್ಟಿರುತ್ತಾಳೆ, ದಾಟಿದರೆ ಉಂಡು ಮುಗಿಸಬಹುದು.

ಪಡುವಣದ ಆಕಾಶ ತೊಳೆದಂತಿತ್ತು. ಸೂರ್ಯ ಕಣ್ಣೆದುರೇ ಇಳಿಯುತ್ತಿದ್ದ. ನಾವೆಯಲ್ಲಿ ಆಗಲೇ ಜನ ಕೂತಿದ್ದರು. ನೇಮಣ್ಣ ತಾಯಿಯನ್ನು ಎತ್ತಿ ಕೂರಿಸಿದ. ಭೀಮಪ್ಪ ಕೇಳಲು ಬಾಯಿ ತೆರೆಯುವಾಗಲೇ ಮೂಡಲ ಅಂಚಿನಲ್ಲಿ, ಬಹಳ ದೂರದಲ್ಲಿ, ಒಮ್ಮೆ ಗುಡುಗಿತು. ಎಷ್ಟು ಸಣ್ಣ ದನಿಯೆಂದರೆ ಗಾಡಿಯ ಸದ್ದು ಎನ್ನಬಹುದಿತ್ತು. ಎಲ್ಲರಿಗೂ ಕೇಳಿಸಿತು. ಎಲ್ಲರೂ ಆಯಿಯನ್ನು ನೋಡಿದರು. ಈ ಸಲ ಅವರ ಮೌನ ತಮ್ಮ ಹೊಟ್ಟೆಗಾಗಿ ಆಗಿರಲಿಲ್ಲ, ಅವಳಿಗಾಗಿ ಆಗಿತ್ತು.

“ಗುಡುಗ ಕೇಳಸತೇನ್ರಿ?”

ಒಬ್ಬರು ತಲೆ ಅಡ್ಡ ಆಡಿಸಿದರು. ಇನ್ನೊಬ್ಬರು. ನೇಮಣ್ಣ ನೆಲ ನೋಡಿದ. ಭೀಮಪ್ಪನ ಕಣ್ಣು ನನ್ನ ಮೇಲೆ ಬಂತು. ಪಕ್ಕದಲ್ಲಿ ಆಯಿಯ ಮಣಿಕಟ್ಟು ನನ್ನ ಬೆರಳುಗಳ ನಡುವೆ ಇತ್ತು, ನಾಡಿ ದಾರದಂತೆ ಸಣ್ಣಗೆ ಓಡುತ್ತಿತ್ತು. ನಾನು ಇನ್ನೂ ಬಾಯಿ ತೆರೆದಿರಲಿಲ್ಲ. ಅಷ್ಟರಲ್ಲಿ ಆಯಿ ನನ್ನಿಂದ ಕೈ ಬಿಡಿಸಿಕೊಂಡು, ಕಿವಿಯ ಮೇಲೆ ಇಟ್ಟುಕೊಂಡು, ಭೀಮಪ್ಪನಿಗೆ ಕಾಣುವಂತೆ ನಿಧಾನವಾಗಿ ತಲೆದೂಗಿದಳು.

“ಕೇಳಸ್ತಪಾ. ಹುಟ್ಟ ಕೆಳಗಿಡು,” ಎಂದಳು. ಅವನಿಗೆ ಅರ್ಥವಾಯಿತೋ ಇಲ್ಲವೋ ಎಂದು ಇನ್ನೊಮ್ಮೆ, ತುಟಿಯನ್ನು ಬಿಡಿಸಿ ಬಿಡಿಸಿ, “ನನಗ ಕೇಳಸೇತಿ,” ಎಂದಳು.

ಅವನು ಸೂರ್ಯನನ್ನು ನೋಡಿದ, ಅವಳ ಸೀಳಿದ ತುಟಿಯನ್ನು ನೋಡಿದ. ಅಂದು ಯಾವ ತಿಥಿ, ಅವಳ ವ್ರತದ ಯಾವ ದಿನ ಎಂಬುದು ಊರಲ್ಲಿ ಎಲ್ಲರಿಗೂ ತಿಳಿದಂತೆ ಅವನಿಗೂ ತಿಳಿದಿತ್ತು. ಹುಟ್ಟು ಹಿಡಿದ ಕೈ ಒಂದು ಕ್ಷಣ ಬಿಗಿಯಾಯಿತು. ಆಯಿ ಅವನಿಗೆ ಕಾಯದೆ ತಾನೇ ಎದ್ದು, ಉಸುಕಿಗೆ ಇಳಿದು, ಮೋಟಾರ ಖೋಲಿಯ ಕಡೆ ನಡೆದಳು. ಹಿಂದೆಯೇ ಒಬ್ಬೊಬ್ಬರಾಗಿ ಎಲ್ಲರೂ ಇಳಿದರು.

ಖೋಲಿಯ ಬಾಗಿಲಿನಿಂದ ಸೂರ್ಯ ಮುಳುಗುವುದು ಪೂರಾ ಕಾಣುತ್ತಿತ್ತು. ಆಯಿ ಅದಕ್ಕೆ ಬೆನ್ನು ಹಾಕಿ ಕೂತಳು. ಮಳೆ ಬರಲಿಲ್ಲ, ಸಿಡಿಲೂ ಬರಲಿಲ್ಲ. ಮೋಡ ಮಿಂಚುತ್ತ ಮಿಂಚುತ್ತ ಅಥಣಿಯ ಕಡೆಯೇ ಕರಗಿತು. ಕತ್ತಲಾದ ಮೇಲೆ ದಾಟುವಾಗ ಒಬ್ಬರು ಗೊಣಗಿದರು, ಒಂದು ಹನಿಯೂ ಬೀಳಲಿಲ್ಲವಲ್ಲ, ಸುಮ್ಮನೆ ಉಪವಾಸ ಬಿದ್ದೆವಲ್ಲ ಎಂದು. ಬರಲಿಲ್ಲವೆಂದರೆ ಒಳ್ಳೆಯದೇ ಆಯಿತಲ್ಲ ಎಂದಳು ಆಯಿ. ಆ ಸಂಜೆಯ ನಂತರ ಸುಳ್ಳು ಹೇಳುವುದು ಯಾರಿಗೂ ಆಗಲಿಲ್ಲ. ಅವಳಿಗಿಂತ ಹಸಿದವರು ಯಾರಿದ್ದರು?

ಸೇತುವೆಯ ಮೇಲೆ ಇಷ್ಟೆಲ್ಲ ನೆನೆಯುತ್ತ ಕೂತಿದ್ದಾಗ ಮೋಡದಲ್ಲಿ ಸಣ್ಣಗೆ ಗುಡುಗಿತು. ಮೋಟುಗೋಡೆಯ ಮೇಲಿನ ಯುವಕನಿಗೆ ಜನರೇಟರಿನ ಗದ್ದಲದಲ್ಲಿ ಅದು ಕೇಳಿಸಿರಲು ಸಾಧ್ಯ ಇರಲಿಲ್ಲ. ನಾನು ಕಿಟಕಿಯಿಂದ ಕೈ ಹೊರಗೆ ಚಾಚಿ ಬಸ್ಸಿನ ತಗಡು ಬಡಿದೆ. ಅವನು ಮುಖದ ಹಲಗೆ ಸರಿಸಿ ನೋಡಿದ. ಕಿವಿಯ ಮೇಲೆ ಕೈಯಿಟ್ಟು, ಆಕಾಶ ತೋರಿಸಿ, ತಲೆದೂಗಿದೆ. ಯಾವ ಹುಚ್ಚು ಮುದುಕಿ ಎಂದುಕೊಂಡನೋ ಏನೋ, ಮೇಲೆ ನೋಡಿದ, ಇಳಿದ. ಬಸ್ಸು ಮುಂದೆ ಸಾಗಿತು.

ಹೊಳೆ ಹಿಂದಾದ ಮೇಲೆ ನೆನಪಾದದ್ದು ಆ ಸಂಜೆಯ ಮರುದಿನದ ಬೆಳಗು. ಹೊತ್ತು ಹುಟ್ಟಿದ ಮೇಲೆ ನನ್ನ ಖೋಲಿಯ ಬಾಗಿಲು ತೆಗೆದರೆ ಆಯಿಯ ಮನೆಯ ಕಟ್ಟೆಯ ಕೆಳಗೆ ಭೀಮಪ್ಪ ಕುಕ್ಕರಗಾಲಲ್ಲಿ ಕೂತಿದ್ದ. ಹೊಳೆಯ ಕಡೆಯಿಂದ ನಾವೆ ಕಾಯುತ್ತಿದ್ದವರು ಅವನ ಹೆಸರು ಹಿಡಿದು ಕೂಗುತ್ತಿದ್ದರು. ಅವನಿಗೆ ಕೇಳುತ್ತಿರಲಿಲ್ಲ, ಕೇಳಿದ್ದರೂ ಏಳುತ್ತಿದ್ದನೆಂದು ನನಗನ್ನಿಸುವುದಿಲ್ಲ. ಬಾಗಿಲನ್ನೇ ನೋಡುತ್ತಿದ್ದ. ಒಳಗೆ ತಂಬಿಗೆಯ ಸದ್ದಾಯಿತು. ಸ್ವಲ್ಪ ಹೊತ್ತಿಗೆ ಆಯಿ ಗೋಡೆ ಹಿಡಿದು ಹೊರಗೆ ಬಂದಳು. ಅವನನ್ನು ಕಂಡು ನಿಂತಳು. ನೀರು ಕುಡಿದ ಒದ್ದೆ ತುಟಿಯನ್ನು ಅವನಿಗೆ ತೋರಿಸಿ ಸೆರಗಿನಿಂದ ಒರೆಸಿಕೊಂಡಳು. ಆಗ ಭೀಮಪ್ಪ ಎದ್ದು ಹುಟ್ಟನ್ನು ಹೆಗಲಿಗೆ ಹಾಕಿಕೊಂಡು ಹೊಳೆಯ ಕಡೆ ನಡೆದ.